ಹಿನ್ನೀರಿನ ದಡದಲ್ಲಿ ನಾನು ತೋರಿಸಿದ ಒಲೆ

ಆಗಿನ ನಮ್ಮ ಕೇರಿಯ ಮಕ್ಕಳು ಬಲು ಚುರುಕು, ಪುರಾತತ್ವ ಸರ್ವೆಗೆ ಬಂದ ಮೇಡಂಗೆ ನೆಲದೊಳಗಿನ ಹಳೇ ಊರನ್ನು ತೋರಿಸಿಕೊಟ್ಟವರೇ ಅವರು ಅಂತ ನರಸಿಂಹರಾಜಪುರದ ನಮ್ಮ ಕಡೆ ಈಗಲೂ ಹೇಳುತ್ತಾರೆ. ಆ ಮಕ್ಕಳಲ್ಲಿ ನಾನೂ ಒಬ್ಬಳು. ನಾನು ಒಪ್ಪುವುದಿಲ್ಲ. ತೋರಿಸಿದ್ದು ಹೌದು. ತೋರಿಸಿದ್ದೆಲ್ಲ ನಿಜ ಅಂತ ಯಾರು ಹೇಳಿದರು?

ಬೇಸಿಗೆಯಲ್ಲಿ ಭದ್ರೆಯ ಹಿನ್ನೀರು ಇಳಿದರೆ ಕೆಸರಿನ, ಸತ್ತ ಮೀನಿನ ವಾಸನೆ ಕೇರಿಯವರೆಗೂ ಬರುತ್ತಿತ್ತು. ನೀರು ಕೊರೆದ ದಡದಿಂದ ಮಡಕೆ ಚೂರುಗಳು ಉದುರಿ ಬೀಳುತ್ತಿದ್ದವು. ನಮಗೆ ಅವು ಬರೀ ಬೋಕಿ. ದುಂಡಗೆ ಉಜ್ಜಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಸಾವಿರಾರು ವರ್ಷ ಹಿಂದಿನ ಊರಿನವು ಅಂತ ಹೇಳಿದ್ದು ಮೇಡಂ. "ನಾಳೆ ಅಳತೆ ಶುರು. ಮಳೆಗಾಲದಲ್ಲಿ ನೀರೇರಿದರೆ ಈ ದಡ ಉಳಿಯಲ್ಲ," ಎಂದು ಹೇಳಿ ಹೋದರು.

"ಅಷ್ಟು ದೂರದಿಂದ ಬಂದೋರು, ಪಾಪ, ಕೆಸರಲ್ಲಿ ಹೆಕ್ಕಬೇಕಾ?" ಅಂದಳು ಅಮ್ಮ. ಬೆಳಗಾಗುತ್ತಲೇ ನಾನೂ ಗೆಳತಿ ಸುಮಳೂ ಒಂದೂ ಬಿಡದೆ ಆರಿಸಿ, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದೆವು. ಕವಳಿ ಹಣ್ಣು ತಿನ್ನುತ್ತಾ ಹೊಗಳಿಕೆಗೆ ಕಾದೆವು.

ಮೇಡಂ ಬಂದು ನೋಡಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಒಂದು ಚೂರು ಕೈಗೆತ್ತಿಕೊಂಡು, "ಯಾವ ಚೂರು ಎಲ್ಲಿ ಬಿದ್ದಿತ್ತು ಅನ್ನೋದರಿಂದಲೇ ಮನೆ ಎಲ್ಲಿತ್ತು, ಒಲೆ ಎಲ್ಲಿತ್ತು ಅಂತ ಗೊತ್ತಾಗೋದು ಮಗಳೇ. ನೆನಪಿದೆಯಾ?" ಎಂದರು.

ಸುಮ ತಲೆ ತಗ್ಗಿಸಿದಳು. ನಾನು ಮಸಿ ಹಿಡಿದ ಮೂರು ಚೂರು ಎತ್ತಿ, ಒಣಗಿದ ಮರದ ಬುಡದ ಕಡೆ ಬೆರಳು ಮಾಡಿದೆ. "ಇವು ಮೂರೂ ಅಲ್ಲಿ, ಒಟ್ಟಿಗೇ ಇದ್ದವು."

"ಸುಳ್ಳು ಹೇಳ್ಬೇಡ ಮಾರಾಯ್ತಿ," ಸುಮ ಪಿಸುಗುಟ್ಟಿದಳು.

"ಹಂಗಾದ್ರೆ ಎಲ್ಲಿದ್ವು? ನೀನೇ ಹೇಳು ನೋಡಾಣ!"

ಅವಳ ಬಾಯಿ ಕಟ್ಟಿತು. ಮುಂದೆ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಜನರನ್ನು ಹೀಗೇ ಸುಮ್ಮನಾಗಿಸಿದ್ದೇನೆ. ಆ ದಿನ ಅಲ್ಲಿದ್ದ ಒಂದೇ ಪ್ರಾಮಾಣಿಕ ಉತ್ತರ ಸುಮಳ ಮೌನ ಅಂತ ಹೊಳೆಯಲು ವರ್ಷಗಳು ಬೇಕಾದವು.

ಮೇಡಂ ನನ್ನ ಮುಖವನ್ನೊಮ್ಮೆ ನೋಡಿ, ಹಾಳೆಯ ಮೇಲಿನ ದಡದ ನಕ್ಷೆಯಲ್ಲಿ ಸಣ್ಣ ವೃತ್ತ ಎಳೆದು 'ಒಲೆ' ಎಂದು ಬರೆದರು.

ಈ ಬೇಸಿಗೆಯಲ್ಲಿ ಹೋಗಿ ನೋಡಿದೆ. ದಡವೇ ಇಲ್ಲ, ಕುಸಿದು ನೀರು ಸೇರಿದೆ. ಚೂರುಗಳು ಯಾವ ಪೆಟ್ಟಿಗೆಯಲ್ಲಿವೆಯೋ. ಆ ಊರು ಹೇಗಿತ್ತೆಂದು ಹೇಳಲು ಉಳಿದಿರುವುದು ಆ ನಕ್ಷೆ ಒಂದೇ. ಅದರಲ್ಲಿ, ಯಾರಾದರೂ ಬೆಂಕಿ ಹಚ್ಚಿದ್ದರೋ ಇಲ್ಲವೋ ನನಗೆ ಗೊತ್ತೇ ಇಲ್ಲದ ಜಾಗದಲ್ಲಿ, ನನ್ನ ಒಲೆ.

ಮೇಡಂ, ನೀವು ಅದನ್ನು ಬರೆದದ್ದು ಪೆನ್ಸಿಲಿನಲ್ಲಿ. ಆಮೇಲೆ ಅಳಿಸಿದಿರಾ?