ಆರ್ಗನ್ ಕಾರ್ಯಾಗಾರಕ್ಕೆ ಹೊಸ ಡಿಸ್ಕ್

ಮನ್ಸನಿಯೊ ಊರಿನ ಒಡಾಲಿಸ್ ವೆರ್ದೆಸಿಯಳ ಮುತ್ತಜ್ಜ ಎಲೆಯುತೇರಿಯೊ, ಎತ್ತಿನ ಗಾಡಿಯ ಮೇಲೆ ಹಿಡಿ ತಿರುಗಿಸಿ ನುಡಿಸುವ ಆರ್ಗನ್ ಹೇರಿಕೊಂಡು ಬೆಟ್ಟದ ಊರೂರು ತಿರುಗಿ ಜನರನ್ನು ಕುಣಿಸಿದವನು. ಹಳ್ಳ ತುಂಬಿ ಬಂದ ದಿನ ಗಾಡಿ ತೇಲಿಹೋದರೂ ವಾದ್ಯವನ್ನು ದಡ ಸೇರಿಸಿದವನು. ಅಜ್ಜಿ ಕಸಿಲ್ದಾ, ಆರ್ಗನ್ನಿಗೆ ಹಾಡು ಉಣಿಸುವ ತೂತಿನ ರಟ್ಟುಗಳನ್ನು ನಕಲು ಮಾಡುವುದರಲ್ಲಿ ಎತ್ತಿದ ಕೈ. ಒಂದು ತೂತು ಆಚೀಚೆಯಾದರೆ ಕುಣಿಯುವವರ ಕಾಲು ತೊಡರುತ್ತದೆ. ಅವಳ ರಟ್ಟಿಗೆ ಯಾರ ಕಾಲೂ ತೊಡರಿದ್ದಿಲ್ಲ. ಅಪ್ಪ ಅಮಾನ್ಸಿಯೊ, ಕೆಟ್ಟುನಿಂತ ರಷ್ಯನ್ ವಾಷಿಂಗ್ ಮಷಿನ್ನಿನ ಮೋಟಾರು ಕಿತ್ತು ಫ್ಯಾನು ಕಟ್ಟಿ, ಬೀದಿಯ ಬಾಣಂತಿಯರಿಗೆಲ್ಲ ಗಾಳಿ ಕಾಣಿಸಿದವನು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಒಡಾಲಿಸ್ ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಕಾರ್ಖಾನೆಯವರು ಮೂಲೆಗೆಸೆದ ಕಂಪ್ಯೂಟರೊಂದನ್ನು ಮನೆಗೆ ಹೊತ್ತು ತಂದು, ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ವಿದ್ಯೆ ಕಲಿತಳು. ಯಾರೂ ಹೇಳಿಕೊಟ್ಟದ್ದಲ್ಲ. ಈಗ ತಲೆ ಹತ್ತಿಯಂತೆ ಬೆಳ್ಳಗಾಗಿದೆ; ಕೈ ಮಾತ್ರ ಹುಡುಗಿಯದು. ಊರಿನಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಅದು ಅವಳ ಮುಂಬಾಗಿಲಿಗೇ ಬರುತ್ತದೆ.

ಸೆಲೆದೋನಿಯೊನ ಕಂಪ್ಯೂಟರಿಗೆ ಮಾತ್ರ ಅವಳೇ ಎದ್ದು ಹೋಗಬೇಕಾಯಿತು. ಅವನು ಆರ್ಗನ್ ಕಾರ್ಯಾಗಾರದ ಯಜಮಾನ. ಅವನ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಒಡಾಲಿಸ್. ಅಂದಿನಿಂದ ಅವನಿಗೆ ಇವಳು ಕೊಮಾದ್ರೆ, ಇವಳಿಗೆ ಅವನು ಕೊಂಪಾದ್ರೆ. ಅವನ ತೀರಿಹೋದ ತಂದೆ ಕಟ್ಟಿದ ಕುಣಿತದ ಹಾಡುಗಳೆಲ್ಲ ತೂತುಗಳ ನಕ್ಷೆಯಾಗಿ ಆ ಕಂಪ್ಯೂಟರಿನಲ್ಲಿದ್ದವು. ಅವನ್ನು ತೆರೆಯಬಲ್ಲ ಪ್ರೋಗ್ರಾಮ್ ಒಂದೇ. ಅದನ್ನು ಬರೆದವನು ಕಡಲಾಚೆ ಹೋಗಿ ಬಹುಕಾಲವಾಗಿತ್ತು. ಮತ್ತೊಮ್ಮೆ ಹಾಕಲು ಮೂಲ ಪ್ರತಿ ಯಾರ ಬಳಿಯೂ ಇರಲಿಲ್ಲ. ಒಳಗಿನ ಸಣ್ಣ ಡಿಸ್ಕ್ ತುಂಬಿ ತುಳುಕಿ, ಹೊಸ ನಕ್ಷೆ ಉಳಿಸಲು ಹೋದರೆ ಯಂತ್ರ ನಿಂತುಬಿಡುತ್ತಿತ್ತು. ಅವನ ಸೊಸೆ ಪನಾಮಾದಿಂದ ದೊಡ್ಡ ಎಸ್‌ಎಸ್‌ಡಿ ಡಿಸ್ಕ್ ತಂದಿದ್ದಳು. ಹೊಸದಾಗಿ ಎಲ್ಲ ಹಾಕುವಂತಿರಲಿಲ್ಲ. ಇಡೀ ಸಂಸಾರವನ್ನು ಇದ್ದ ಹಾಗೆಯೇ ಆ ಮನೆಯಿಂದ ಈ ಮನೆಗೆ ಎತ್ತಿಡಬೇಕಿತ್ತು. ಎಡವಿದರೆ ಅಪ್ಪನ ಹಾಡುಗಳಿಗೆ ಬಾಯಿಲ್ಲ.

"ಕೊಮಾದ್ರೆ, ನಿಜ ಹೇಳು, ಆಗುತ್ತಾ?"

"ನೀನು ಮೊದ್ಲು ಆ ಸಿಗಾರ್ ಆಚೆ ಹಿಡಿ. ಬೂದಿ ಒಳಗೆ ಬಿದ್ರೆ ಆಗಲ್ಲ."

ಎರಡೂ ಡಿಸ್ಕ್ ಜೋಡಿಸಿ, ಯಾವುದರಿಂದ ಯಾವುದಕ್ಕೆ ಎಂಬುದನ್ನು ಬೆರಳಿಟ್ಟು ನೋಡಿಕೊಂಡು ನಕಲು ಶುರುಮಾಡಿದಳು. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಬೀದಿಯಲ್ಲಿ ಎಂದಿನಂತೆ ಹೋ ಎಂದು ಕೂಗೆದ್ದಿತು. ಕಾರ್ಯಾಗಾರದ ಪರದೆ ಮಾತ್ರ ಉರಿಯುತ್ತಲೇ ಇತ್ತು. ಒಡಾಲಿಸ್ ತನ್ನ ವಿದ್ಯುತ್ ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು, ಇನ್ವರ್ಟರ್ ಸಿಕ್ಕಿಸಿಯೇ ಕೆಲಸಕ್ಕೆ ಕೂತಿದ್ದಳು.

ನಕಲು ಮುಗಿಯಿತು. ಹಳೆಯ ಡಿಸ್ಕ್ ಕಳಚಲು ಅವಳು ಸ್ಕ್ರೂಡ್ರೈವರ್ ಎತ್ತಿದಾಗ ಸೆಲೆದೋನಿಯೊ ತಡೆದ.

"ಚೆನ್ನಾಗಿರೋದನ್ನ ಯಾಕೆ ತೆಗೀತೀಯ? ಅದೂ ಒಳಗೇ ಇರ್ಲಿ ಬಿಡು."

ಆ ಊರಿನಲ್ಲಿ ಉಸಿರಾಡುವ ಯಾವ ವಸ್ತುವನ್ನೂ ಕಳಚಿಡುವುದಿಲ್ಲ. ಮುರಿದ ಚಮಚಕ್ಕೂ ಅಲ್ಲೊಂದು ಉದ್ಯೋಗವಿರುತ್ತದೆ. ಒಡಾಲಿಸಳ ರಕ್ತದಲ್ಲೂ ಅದೇ ಬುದ್ಧಿ. "ಸರಿ, ಇರ್ಲಿ" ಎಂದು ಮುಚ್ಚಳ ಹಾಕಿದಳು.

ಕಂಪ್ಯೂಟರ್ ಎದ್ದಿತು. ಸೆಲೆದೋನಿಯೊ ಹುರುಪಿನಿಂದ ಒಂದು ನಕ್ಷೆ ಉಳಿಸಲು ಹೋದ. ಜಾಗವಿಲ್ಲ ಎಂದಿತು ಪರದೆ.

ರಟ್ಟಿಗೆ ಅಂಟು ಬಳಿಯುತ್ತಿದ್ದ ಮುದುಕ ಫುಲ್ಖೆನ್ಸಿಯೊ ಕುಲುಕುಲು ನಕ್ಕ. "ಭೇಷ್! ತುಂಬಿದ ಹೊಟ್ಟೇನೂ ಸೇರಿಸಿ ನಕಲು ಮಾಡಿದ್ಯಲ್ಲ ತಾಯಿ!"

"ನೀನು ಅಂಟು ಬಳಿ. ಬಾಯಿಗೂ ಒಂಚೂರು ಬಳ್ಕೊ."

ಒಡಾಲಿಸ್ ಕೈ ಮಡಿಲಲ್ಲಿಟ್ಟು ಯೋಚಿಸಿದಳು. ಎರಡೂ ಡಿಸ್ಕ್ ಈಗ ಅಚ್ಚೊತ್ತಿದಂಥ ಅವಳಿಗಳು. ಒಳಗೆ ಎರಡೂ ಇದ್ದರೆ ಯಂತ್ರ ಹಳೆಯ ಅಭ್ಯಾಸದಂತೆ ಹಳೆಯದನ್ನೇ ಹಿಡಿದು ಏಳುತ್ತದೆ. ಹೊಸದು ಅದರ ಪಕ್ಕದಲ್ಲೇ ಸುಮ್ಮನೆ ಮಲಗಿದೆ.

"ತಪ್ಪು ನಂದೇ. ನಿನ್ನ ಮಾತು ಕೇಳಿದ್ನಲ್ಲ, ಅದೇ ತಪ್ಪು" ಎಂದು ಹಳೆಯದನ್ನು ಕಳಚಿ ಸೆಲೆದೋನಿಯೊನ ಜೇಬಿಗೆ ಹಾಕಿದಳು. ಗುಂಡಿ ಒತ್ತಿದಳು.

ಪರದೆ ಕಪ್ಪಗೆ ನಿಂತಿತು. ಸೆಲೆದೋನಿಯೊ ಶಿಲುಬೆಯ ಗುರುತು ಮಾಡಿಕೊಂಡ. ಒಡಾಲಿಸ್, ಯಾವ ಡಿಸ್ಕಿನಿಂದ ಏಳಬೇಕೆಂದು ಹೇಳುವ ಯಂತ್ರದ ಒಳಗಿನ ಪಟ್ಟಿ ತೆರೆದು, ಇನ್ನು ಮುಂದೆ ನಿನ್ನ ಮನೆ ಇದು ಎಂದು ಹೊಸ ಡಿಸ್ಕನ್ನು ತೋರಿಸಿಕೊಟ್ಟಳು. ಈ ಸಲ ಬೆಳಕು ಮೂಡಿತು. ಪ್ರೋಗ್ರಾಮ್ ತೆರೆಯಿತು. ಅಪ್ಪನ ಹಾಡುಗಳು ತೂತು ತೂತಾಗಿ, ಒಂದೂ ಉದುರದೆ, ಸಾಲಾಗಿ ನಿಂತಿದ್ದವು. ಸೆಲೆದೋನಿಯೊ ಮೂಗು ಒರೆಸಿಕೊಂಡ. ಫುಲ್ಖೆನ್ಸಿಯೊ ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಒಡಾಲಿಸ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಹೊತ್ತಿನಲ್ಲಿ ಅವಳ ಕುರ್ಚಿ ಸಿಂಹಾಸನಕ್ಕೆ ಕಡಿಮೆಯಿರಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಹೊಸ ಡಿಸ್ಕಿನಲ್ಲಿ ಮಿಕ್ಕ ಖಾಲಿ ಜಾಗ ಬೇಲಿಯಾಚೆಯ ಬಯಲಿನಂತೆ ಬೇರೆ ನಿಂತಿತ್ತು. ಆ ಬೇಲಿ ಕಿತ್ತು ಒಂದು ಮಾಡಬೇಕು.

ಹೆದರಿಕೆ ಇನ್ನೂ ಇಳಿಯದ ಸೆಲೆದೋನಿಯೊ ಮೆಲ್ಲಗೆ ಅಂದ: "ಸಾಕು ಕೊಮಾದ್ರೆ, ನಿಂಗೂ ದಣಿವಾಗಿದೆ. ಬಯಾಮೊದಲ್ಲಿ ನನ್ನ ಷಡ್ಡಕನ ಮಗ ಎಂಜಿನಿಯರ್ ಇದಾನೆ. ಕರೆಸ್ಲಾ? ಉಳಿದದ್ದಕ್ಕೆ ಅವನೂ ಒಂದು ಕೈ ಹಾಕ್ಲಿ."

"ಕರ್ಸು, ಬರ್ಲಿ. ಕಾಫಿ ಕುಡೀಲಿ, ಹಾಡು ಕೇಳ್ಲಿ, ಬೇಕಾದ್ರೆ ಕುಣೀಲಿ. ಕೀಲಿಮಣೆಗೆ ಮಾತ್ರ ಅವನ ಕೈ ಬೇಡ, ನಿನ್ನದೂ ಬೇಡ. ಈ ಮನೆ ಬದಲಾಯ್ಸಿದವಳು ನಾನು, ಬೇಲಿ ಕೀಳೋಳೂ ನಾನೇ. ನಡಿ ಕೊಂಪಾದ್ರೆ, ಬೆಳಕಿಗೆ ಅಡ್ಡ ನಿಂತಿದೀಯ."