ಚೀಲದ ತೂಕ ಕಳೆದು

ಕಳೆದ ಡಿಸೆಂಬರಿನಲ್ಲಿ ನಾನು ನೂರ ಹದಿನಾಲ್ಕು ಮನುಷ್ಯರನ್ನು ಕಾಫಿ ಚೀಲಗಳೆಂದು ತಿಳಿದು ತೂಗಿದೆ.

ತಮಾಷೆಗೆ ಹೇಳುತ್ತಿಲ್ಲ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗುವುದಕ್ಕೆ ಅಂಥದ್ದೇನೂ ಸಿಗಲಾರದು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. (ಈ ಅಂಕಣಕ್ಕೆ ಹೊಸಬರಾದವರಿಗೆ: ಇಲ್ಲಿ ರೈಟರು ಅಂದರೆ ಹಾಜರಿ ಬರೆಯುವವನು. ವಾರಕ್ಕೊಮ್ಮೆ ಇದನ್ನು ಬರೆಯುವುದು ಅವನ ಚಟ.) ಪಿಕಿಂಗ್ ಸೀಸನ್ ಬಂತೆಂದರೆ ಪ್ರತಿ ಸಂಜೆ ನಾನು ಮಾಡುವುದು ಒಂದೇ ಕೆಲಸ. ಹಣ್ಣು ಕೊಯ್ದವರು ಗೋಣಿಚೀಲ ಹೊತ್ತು ತಂದು ತಕ್ಕಡಿಯ ಹಲಗೆಯ ಮೇಲೆ ಇಡುತ್ತಾರೆ. ನಾನು ಕಂಬಿಯ ಮೇಲಿನ ಗುಂಡು ಸರಿಸಿ ತೂಕ ನೋಡುತ್ತೇನೆ. ಖಾಲಿ ಚೀಲದ ತೂಕವೆಂದು ಎರಡು ಪೌಂಡು ಕಳೆಯುತ್ತೇನೆ. ಉಳಿದದ್ದನ್ನು ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಆಗಿದೆ. ಈಗೀಗ ಈ ಕಳೆಯುವ ಲೆಕ್ಕವನ್ನು ತಲೆ ಮಾಡುವುದಿಲ್ಲ, ಕೈಯೇ ಮಾಡಿ ಮುಗಿಸುತ್ತದೆ.

ಆ ಕೈಯಿಂದಲೇ ತೊಂದರೆಯಾಯಿತು.

ಕೊಡಗು ಮೈಸೂರಿಗೆ ಸೇರಿದ ಮೇಲೆ ಎಲ್ಲದಕ್ಕೂ ಒಂದೊಂದು ಫಾರಂ ಬರುತ್ತಿದೆ ಎಂದು ನಾವು ಗೊಣಗುತ್ತಿರುತ್ತೇವೆ. ಈ ಸಲದ್ದು ಮಾತ್ರ ಸರ್ಕಾರದ್ದಲ್ಲ, ನಮ್ಮ ಕಂಪನಿಯ ಹೆಡ್ ಆಫೀಸಿನದೇ. ಲೈನಿನಲ್ಲಿ, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿ ಇರುವ ಎಲ್ಲರ ಆರೋಗ್ಯ ಪರೀಕ್ಷೆ ಆಗಬೇಕಂತೆ. ಅದಕ್ಕೊಂದು ಚಾರ್ಟು. ಎಡಗಡೆ ಎತ್ತರ, ಬಲಗಡೆ ತೂಕ. ಇಷ್ಟು ಎತ್ತರದವರು ಕಡಿಮೆಯೆಂದರೆ ಇಷ್ಟು ತೂಗಬೇಕು. ಅದಕ್ಕಿಂತ ಕೆಳಗಿದ್ದರೆ ಬಲಹೀನ. ತೀರಾ ಮೇಲಿದ್ದರೆ ಅದಕ್ಕೂ ಒಂದು ಕಾಲಂ ಇತ್ತು, ನಮ್ಮ ಲೈನಿನಲ್ಲಿ ಅದನ್ನು ತುಂಬಲು ಒಬ್ಬರೂ ಸಿಗಲಿಲ್ಲ.

ಚಾರ್ಟು ತಂದವರು ಹೊಸ ಡಾಕ್ಟರು. ಇನ್ನೂ ಮೂವತ್ತು ದಾಟದ ಹುಡುಗ, ಒಳ್ಳೆಯವರು. ಏಳು ಎಸ್ಟೇಟು ಅವರೊಬ್ಬರ ತಲೆಯ ಮೇಲೆ. ಹದಿನೈದು ದಿನಕ್ಕೊಮ್ಮೆ ನಮ್ಮಲ್ಲಿಗೆ ಬಂದಾಗ ಒಂದು ಕಾಲು ಜೀಪಿನಲ್ಲೇ ಇರುತ್ತದೆ.

"ಮನುಷ್ಯರನ್ನ ತೂಗೋ ಮೆಷಿನ್ ಕೇಳಿದೀನಿ, ಬರೋ ಹೊತ್ತಿಗೆ ವರ್ಷ ಆಗುತ್ತೆ. ಸದ್ಯಕ್ಕೆ ನಿಮ್ಮ ತಕ್ಕಡೀನೇ ಸಾಕು" ಅಂದರು. ಹೇಗೆ ತೂಗಬೇಕೆಂದು ತೋರಿಸಲು ಮೊದಲು ನನ್ನನ್ನೇ ಹಲಗೆಯ ಮೇಲೆ ನಿಲ್ಲಿಸಿ ತಾವೇ ಗುಂಡು ಸರಿಸಿದರು. ಚಾರ್ಟು ನೋಡಿದರು. ಮುಖ ಅರಳಿತು.

"ರೈಟರೇ, ಕರೆಕ್ಟ್! ಒಂದು ಪೌಂಡು ಹೆಚ್ಚಿಲ್ಲ, ಕಡಿಮೆ ಇಲ್ಲ. ನೀವು ಪರ್ಫೆಕ್ಟ್ ಹೆಲ್ತ್!"

ನನಗೆ ವಯಸ್ಸು ಐವತ್ತೊಂದು. ಊಟ ಮಾಡಿದರೆ ಎದೆ ಉರಿಯುತ್ತದೆ, ಮಾಡದಿದ್ದರೆ ಹೊಟ್ಟೆ ಉರಿಯುತ್ತದೆ. ಕಣದಿಂದ ಬಂಗಲೆಗೆ ಹತ್ತುವ ಏರಿನಲ್ಲಿ ಮೂರು ಕಡೆ ನಿಲ್ಲುತ್ತೇನೆ. (ಯಾರಾದರೂ ನೋಡಿದರೆ ಗಿಡ ಪರೀಕ್ಷೆ ಮಾಡುವವನ ಹಾಗೆ ಎಲೆ ತಿರುಗಿಸುತ್ತೇನೆ.) ಆದರೂ ಪರ್ಫೆಕ್ಟ್ ಎಂದರೆ ಯಾರಿಗೆ ಬೇಡ? ಖುಷಿಯಿಂದ ಮನೆಗೆ ಹೋಗಿ ಹೇಳಿದೆ. ನಮ್ಮ ಮನೆಮಾತು ಅರೆಭಾಷೆ. ಹೆಂಡತಿ ಒಲೆಯ ಮುಂದಿನಿಂದ ತಿರುಗಿ ಕೂಡ ನೋಡಲಿಲ್ಲ.

"ಆರೋಗ್ಯ ಚಾರ್ಟ್‌ಲಿ ಉಟ್ಟು, ಮೊಣಕಾಲ್‌ಲಿ ಇಲ್ಲೆ" ಅಂದಳು. (ಉಟ್ಟು ಎಂದರೆ ಉಂಟು.)

ಇರಲಿ. ಡಾಕ್ಟರು ಮುಂದಿನ ಎಸ್ಟೇಟಿಗೆ ಹೋದರು. ಉಳಿದವರನ್ನು ತೂಗುವ ಕೆಲಸ ನನಗೆ ಬಿತ್ತು. ಎರಡು ಸಂಜೆ ಕಣದಲ್ಲಿ ಸಾಲು ನಿಲ್ಲಿಸಿದೆ. ಒಬ್ಬರು ಹತ್ತುತ್ತಾರೆ, ಗುಂಡು ಸರಿಸುತ್ತೇನೆ, ಬರೆಯುತ್ತೇನೆ. ಮತ್ತೊಬ್ಬರು. ಮತ್ತೊಬ್ಬರು. ಯಾರ ಮುಖವನ್ನೂ ನೋಡಿದ ನೆನಪಿಲ್ಲ. ಆಯಾಸವಾಗಿತ್ತು ಎಂಬುದೊಂದೇ ನನ್ನ ಕಡೆಯಿಂದ ಹೇಳಬಹುದಾದ ಮಾತು.

ವಾರದೊಳಗೆ ಡಾಕ್ಟರ ಪಟ್ಟಿ ಬಂತು. ಮೂವತ್ತೊಂದು ಜನ ಬಲಹೀನರು. ಅವರು ಇಳಿಜಾರಿನಲ್ಲಿ ಪಿಕಿಂಗ್ ಮಾಡುವಂತಿಲ್ಲ. ಕಣದಲ್ಲಿ ಕೂತು ಕಸ ಕಡ್ಡಿ ಆರಿಸಬೇಕು. ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದು ಲೋಟ ಹಾಲು.

ಮಾರನೆಯ ದಿನ ಜವರಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು.

ಜವರಮ್ಮ ಹಾಸನದ ಕಡೆಯವಳು. ನಾಲ್ಕಡಿ ಹತ್ತಿಂಚು ಎತ್ತರ. ಇಳಿಜಾರಿನ ಪಿಕಿಂಗಿಗೆ ಇಡೀ ಎಸ್ಟೇಟಿನಲ್ಲಿ ಅವಳೇ ಮುಂದು. ಅವಳು ಒಂದು ಸಾಲು ಮುಗಿಸಿ ಮೇಲೆ ಹೋಗಿ ನಿಂತರೆ ಗಂಡಸರು ಇನ್ನೂ ಅರ್ಧದಲ್ಲಿ ಇರುತ್ತಾರೆ. ಹನ್ನೆರಡು ಹೆಂಗಸರ ಗ್ಯಾಂಗು ಅವಳ ಮಾತು ಕೇಳುತ್ತದೆ. ಅವಳನ್ನು ನಾವು ಕಣದಲ್ಲಿ ಮುದುಕಿಯರ ಪಕ್ಕ ಕೂರಿಸಿ ಹಾಲು ಕುಡಿಸಲು ಹೊರಟಿದ್ದೆವು.

"ರೈಟ್ರೇ, ನಾನ್ ಬಲಹೀನಳಾ?"

"ನಾನಲ್ಲಮ್ಮ ಹೇಳಿದ್ದು. ಚಾರ್ಟು."

"ಅದ್ಯಾವನವನು ಚಾರ್ಟು? ಕರೀರಿ ಇಲ್ಲಿಗೆ. ನನ್ ಜೊತೆ ಒಂದ್ ಸಾಲು ಕೊಯ್ಲಿ ನೋಡನ!"

ನಾನು ಸಮಾಧಾನ ಹೇಳಲು ನೋಡಿದೆ. ಎತ್ತರಕ್ಕೆ ತಕ್ಕ ತೂಕ, ಎಂಬತ್ತೆಂಟು ಇರಬೇಕು, ನಿನ್ನದು ಎಂಬತ್ತೇಳು, ಇತ್ಯಾದಿ. ಅವಳು ಕೇಳಲಿಲ್ಲ. ತನ್ನೆದುರೇ ಇನ್ನೊಂದು ಸಲ ತೂಗಬೇಕು ಅಂದಳು. ಸರಿ ಎಂದು ಕಣಕ್ಕೆ ಹೋದೆವು. ಅವಳು ಹಲಗೆ ಹತ್ತಿದಳು. ನಾನು ಗುಂಡು ಸರಿಸಿದೆ, ನೋಡಿದೆ, ಎಂಬತ್ತೇಳು ಎಂದು ಬರೆದೆ.

"ಇರಿ ಇರಿ. ಕಂಬೀಲಿ ಎಂಬತ್ತೊಂಬತ್ತು ಅದೆ. ನನಗ್ ಓದಕ್ ಬರಲ್ಲ, ತಕ್ಕಡಿ ನೋಡಕ್ ಬತ್ತದೆ" ಅಂದಳು. ಒಂದು ಕ್ಷಣ ನನ್ನ ಕೈಯನ್ನೇ ನೋಡಿದಳು. ಅವಳ ಕಣ್ಣು ದೊಡ್ಡದಾಯಿತು. "ಅಯ್ಯೋ ನಿಮ್ಮ! ಚೀಲ ಕಳದ್ರಾ? ನಾನೇನ್ ಚೀಲದೊಳಗೆ ನಿಂತಿದ್ದೀನಾ ರೈಟ್ರೇ?"

ಕಣದಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಎರಡು ಪೌಂಡು ಕಳೆಯುವುದನ್ನು ಅವರಷ್ಟು ಬಲ್ಲವರು ಯಾರು? ಪ್ರತಿ ಸಂಜೆ ನನ್ನೊಡನೆ ಜಗಳವಾಡುವುದೇ ಅದಕ್ಕೆ. ನನ್ನ ಕೈ ನೂರ ಹದಿನಾಲ್ಕು ಜನರಿಂದಲೂ ಒಂದೊಂದು ಗೋಣಿಚೀಲ ಕಳೆದಿತ್ತು.

ಅಂದರೆ ಜವರಮ್ಮನ ಆರೋಗ್ಯಕ್ಕೂ ಅನಾರೋಗ್ಯಕ್ಕೂ ನಡುವೆ ಇದ್ದದ್ದು ಒಂದು ಖಾಲಿ ಚೀಲ. ಈ ಚಾರ್ಟು ಅಷ್ಟು ಗಟ್ಟಿ! ಅದನ್ನು ಯಾವ ದೇಶದಲ್ಲಿ ಯಾರನ್ನು ತೂಗಿ ಮಾಡಿದರೋ ನಾನರಿಯೆ. ತೂಗಿದವನ ಕೈಗೆ ನನಗಿದ್ದಂಥ ಅಭ್ಯಾಸ ಯಾವುದಿತ್ತೋ ಅದೂ ಗೊತ್ತಿಲ್ಲ.

ತಪ್ಪು ಗೊತ್ತಾಯಿತಲ್ಲ, ತಿದ್ದಿದರೆ ಮುಗಿಯಿತು ಅಂತೀರಾ? ನಾನೂ ಹಾಗೇ ಅಂದುಕೊಂಡೆ. ಆಫೀಸಿಗೆ ಬಂದು ಬಲಹೀನರ ಪಟ್ಟಿ ತೆಗೆದು ಎಲ್ಲರಿಗೂ ಎರಡೆರಡು ಪೌಂಡು ಸೇರಿಸುತ್ತಾ ಹೋದೆ. ಹದಿನೆಂಟು ಜನ ಒಂದೇ ಏಟಿಗೆ ಆರೋಗ್ಯವಂತರಾದರು. ಹತ್ತೊಂಬತ್ತನೆಯ ಹೆಸರಿಗೆ ಬಂದಾಗ ಪೆನ್ನು ನಿಂತಿತು.

ಐತಪ್ಪ.

ಪುತ್ತೂರಿನ ಕಡೆಯವನು. ನಲವತ್ತು ದಾಟಿಲ್ಲ. ನಾಲ್ಕು ವರ್ಷದ ಹಿಂದೆ ಬಂದಾಗ ಅವನ ಅಂಗಿ ಹೆಗಲಲ್ಲಿ ಬಿಗಿಯುತ್ತಿತ್ತು. ಈಗ ಅದೇ ಅಂಗಿಯೊಳಗೆ ಇನ್ನೊಬ್ಬ ಹಿಡಿಸುತ್ತಾನೆ. ಕೆಮ್ಮುತ್ತಾನೆ. ನನ್ನ ಮನೆ ಲೈನಿನ ತುದಿಯಲ್ಲಿದೆ, ಪ್ರತಿ ಬೆಳಿಗ್ಗೆ ಅವನ ಕೆಮ್ಮು ಕೇಳಿ ನಾನು ಏಳುತ್ತೇನೆ. ಒಂದೆರಡು ಸಲ ವಿರಾಜಪೇಟೆಗೆ ಹೋದಾಗ ಕೆಮ್ಮಿನ ಸಿರಪ್ ತಂದುಕೊಟ್ಟಿದ್ದೇನೆ. ಕೇಳಿದರೆ, "ಎಂತದೂ ಇಲ್ಲ ಮಾರಾಯ್ರೆ, ಸ್ವಲ್ಪ ಕಫ ಅಷ್ಟೆ" ಅನ್ನುತ್ತಾನೆ.

ಐತಪ್ಪನ ಎತ್ತರಕ್ಕೆ ಚಾರ್ಟಿನ ಗೆರೆ ನೂರ ಹನ್ನೆರಡು. ನಾನು ಬರೆದಿದ್ದದ್ದು ನೂರ ಹನ್ನೊಂದೂವರೆ. ತಿದ್ದಿದರೆ ನೂರ ಹದಿಮೂರೂವರೆ. ಆರೋಗ್ಯವಂತ! ಹಾಲು ನಿಲ್ಲುತ್ತದೆ, ಕಣದ ನೆರಳು ತಪ್ಪುತ್ತದೆ, ಮತ್ತೆ ಇಳಿಜಾರು ಹತ್ತಬೇಕು. ಅವನ ಮೂಳೆ ದಪ್ಪ, ಅದಕ್ಕೇ ತೂಕ ಇನ್ನೂ ಗೆರೆಯ ಮೇಲಿದೆ. ಮೊದಲು ಎಷ್ಟಿದ್ದ ಎಂದು ಕೇಳುವ ಕಾಲಂ ಚಾರ್ಟಿನಲ್ಲಿ ಇಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮಾರನೆಯ ಸಂಜೆ ಪಟ್ಟಿಯಲ್ಲಿದ್ದವರನ್ನೆಲ್ಲ ಮತ್ತೆ ತೂಗಿದೆ. ಮ್ಯಾನೇಜರಿಗೆ ತಕ್ಕಡಿ ಕೆಟ್ಟಿತ್ತು ಎಂದೆ. (ಹೌದು, ಪಾಪದ ತಕ್ಕಡಿಯ ಮೇಲೆ ಹಾಕಿದೆ.) ಜವರಮ್ಮ ನನ್ನ ಪಕ್ಕದಲ್ಲೇ ನಿಂತು ಒಂದೊಂದು ತೂಕವನ್ನೂ ಕಾವಲು ಕಾದಳು. ಎಲ್ಲರದೂ ಸರಿಯಾಗಿ ಬರೆದೆ. ಐತಪ್ಪ ಹಲಗೆ ಹತ್ತಿದ. ನೂರ ಹದಿಮೂರೂವರೆ. ನಾನು ಬೇಕೆಂದೇ ಚೀಲ ಕಳೆದು ಬರೆದೆ.

ಜವರಮ್ಮ ಕಂಬಿ ನೋಡಿದಳು. ನನ್ನ ಕೈ ನೋಡಿದಳು. ಐತಪ್ಪನ ಮುಖ ನೋಡಿದಳು.

"ಮುಂದಿನವ್ರು ಬರ್ರಪ್ಪ, ಹೊತ್ತಾಯ್ತದೆ" ಎಂದು ಕೂಗಿದಳು.

ಅವತ್ತು ನನಗೆ ನನ್ನ ಬಗ್ಗೆ ಬಹಳ ಗೌರವ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಜವರಮ್ಮ ಇಳಿಜಾರಿಗೆ ಹೋದಳು, ಐತಪ್ಪ ನೆರಳಲ್ಲಿ ಕೂತ. ಒಬ್ಬನಿಗೆ ಒಂದು ಲೋಟ ಹಾಲು ಕೊಡಿಸಿದ ಪುಣ್ಯದಲ್ಲಿ ವಾರಗಟ್ಟಲೆ ತೇಲಾಡಿದೆ. ಬೆಳಿಗ್ಗೆ ಕೆಮ್ಮು ಕೇಳಿದರೆ, ಪಾಪ, ಹೇಗೂ ಹಾಲು ಕುಡಿಯುತ್ತಿದ್ದಾನಲ್ಲ ಎಂದು ಮಗ್ಗುಲು ಬದಲಿಸುತ್ತಿದ್ದೆ.

ಡಾಕ್ಟರು ಬಂದಾಗ, "ಆ ಐತಪ್ಪನ ಎದೆ ಒಮ್ಮೆ ನೋಡಬಹುದಾ?" ಎಂದು ಕೇಳಿದೆ. ಅವರು ಪಟ್ಟಿ ನೋಡಿದರು. "ಅರ್ಧ ಪೌಂಡು ಕಡಿಮೆ ತಾನೇ ರೈಟರೇ? ಏನೂ ಅಲ್ಲ ಅದು. ಹಾಲು ಕುಡೀಲಿ, ಮುಂದಿನ ತಿಂಗಳು ಗೆರೆ ದಾಟ್ತಾನೆ." ಜೀಪು ಸ್ಟಾರ್ಟಾಯಿತು. ನಾನು ಪಟ್ಟಿ ವಾಪಸು ತೆಗೆದುಕೊಂಡೆ. ಇನ್ನೂ ಒತ್ತಿ ಹೇಳಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ನಾನು ಬರೆದ ಸಂಖ್ಯೆ ಅವನಿಗೆ ಹಾಲು ಕೊಡಿಸಿತ್ತು, ಡಾಕ್ಟರನ್ನು ಮಾತ್ರ ಹತ್ತಿರ ಬಿಡಲಿಲ್ಲ.

ಜನವರಿಯಲ್ಲಿ ಬಲಹೀನರ ತಿಂಗಳ ತೂಕ. ಈ ಸಲ ಡಾಕ್ಟರು ತಾವೇ ತಕ್ಕಡಿಯ ಮುಂದೆ ನಿಂತರು, ಪಟ್ಟಿ ಹಿಡಿದು ಓದುವವನು ನಾನು. ಐತಪ್ಪ ಹಲಗೆ ಹತ್ತುವಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈಗ ನೂರ ಹದಿಮೂರೂವರೆ ಬರುತ್ತದೆ, ಡಾಕ್ಟರು ಖುಷಿಯಾಗುತ್ತಾರೆ, ಹಾಲು ಹೋಗುತ್ತದೆ.

"ನೂರ ಹನ್ನೊಂದೂವರೆ" ಎಂದರು ಡಾಕ್ಟರು. "ಹೋದ ತಿಂಗಳು?"

ನಾನು ಪಟ್ಟಿ ನೋಡಿದೆ. ನೂರ ಹನ್ನೊಂದೂವರೆ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು.

"ಅಷ್ಟೇ ಇದೆ ಅಲ್ವಾ? ಪರವಾಗಿಲ್ಲ. ನೆಕ್ಸ್ಟ್."

ನಾನು ಬರೆದ ಸುಳ್ಳು ಒಂದು ತಿಂಗಳಲ್ಲಿ ನಿಜವಾಗಿತ್ತು. ದಿನಾ ಹಾಲು ಕುಡಿದು, ನೆರಳಲ್ಲಿ ಕೂತು, ಆ ಮನುಷ್ಯ ಎರಡು ಪೌಂಡು ಇಳಿದಿದ್ದ. ಅವನ ನಿಜವಾದ ಹಳೆಯ ತೂಕ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಒಬ್ಬಳು ದೂರದ ಇಳಿಜಾರಿನಲ್ಲಿ ಹಣ್ಣು ಕೊಯ್ಯುತ್ತಿದ್ದಳು.

"ಸಾರ್, ನಿಲ್ಲಿ. ಹೋದ ತಿಂಗಳು ಅವನು ನೂರ ಹದಿಮೂರೂವರೆ ಇದ್ದ. ನಾನು ಸುಳ್ಳು ಬರೆದೆ" ಅಂದೆ.

ಎಲ್ಲವನ್ನೂ ಹೇಳಿದೆ. ಚೀಲ, ಕೈಯ ಅಭ್ಯಾಸ, ಹಾಲು, ತಕ್ಕಡಿಯ ಮೇಲೆ ಹಾಕಿದ ದೂರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಡಾಕ್ಟರು ಬಯ್ಯಲಿಲ್ಲ. ಮುಖ ಮಾತ್ರ ಬದಲಾಯಿತು. "ಹಾಲು ಕುಡಿದೂ ಎರಡು ಪೌಂಡಾ?" ಎಂದು ಕೇಳಿದರು. ಬ್ಯಾಗಿನಿಂದ ಸ್ಟೆತಾಸ್ಕೋಪು ತೆಗೆದು ಐತಪ್ಪನ ಅಂಗಿ ಎತ್ತಿಸಿದರು. ಬೆನ್ನಿನ ಮೇಲೆ ಒಂದೊಂದೇ ಕಡೆ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು.

"ಎಷ್ಟು ದಿನದಿಂದ ಕೆಮ್ಮು?"

"ಹೋದ ಮಳೆಗಾಲಕ್ಕಿಂತ ಮುಂಚಿಂದ ಉಂಟು ಡಾಕ್ಟ್ರೇ. ಎಂತದೂ ಇಲ್ಲ, ಕಫ" ಎಂದ ಐತಪ್ಪ.

ಅವತ್ತು ಜೀಪು ಮುಂದಿನ ಎಸ್ಟೇಟಿಗೆ ಹೋಗಲಿಲ್ಲ. ಐತಪ್ಪನನ್ನು ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋಯಿತು. ಎದೆಯ ಕಾಯಿಲೆ, ಕ್ಷಯ. ಮದ್ದು ಇದೆಯಂತೆ, ತಡವಾಗಿದೆಯಂತೆ, ಉಳಿಯುತ್ತಾನೋ ಇಲ್ಲವೋ ಈಗಲೇ ಹೇಳಲಾಗದಂತೆ. ಅವನ ಹೆಂಡತಿ ಹೋಗಿ ಬಂದಳು. "ಅಲ್ಲಿಯೂ ದಿನಾ ತೂಕ ನೋಡ್ತಾರೆ" ಅಂದಳು. ಹೆಚ್ಚು ಕೇಳುವ ಮುಖ ನನಗಿರಲಿಲ್ಲ.

ಮನುಷ್ಯರನ್ನು ತೂಗುವ ಹೊಸ ಮೆಷಿನ್ ಮೊನ್ನೆ ಅಮ್ಮತ್ತಿಯವರೆಗೆ ಬಂದಿದೆಯಂತೆ. ಕಿಲೋ ಲೆಕ್ಕದ್ದು. ಚೀಲ ಕಳೆಯುವ ಪ್ರಶ್ನೆಯೇ ಇಲ್ಲ, ಬಹಳ ನಿಖರ ಎಂದು ಮ್ಯಾನೇಜರು ಹೇಳಿದರು. ಒಳ್ಳೆಯದು. ನನಗೆ ಸಾಕಾಗಿದೆ. ನಾನಂತೂ ಚಾರ್ಟಿನ ಪ್ರಕಾರ ಈಗಲೂ ಪರ್ಫೆಕ್ಟು, ಆದರೆ ಬೆಳಗಿನ ಜಾವ ಲೈನಿನ ಕಡೆ ಆ ಕೆಮ್ಮಿನ ಸದ್ದಿಲ್ಲದೆ ಎಚ್ಚರವಾಗಿಬಿಡುತ್ತದೆ.

ಅವತ್ತು ಜೀಪು ಹೊರಡುವ ಮುಂಚೆ ಡಾಕ್ಟರು ಕೇಳಿದ್ದರು, "ಎರಡು ಪೌಂಡಿನ ವಿಷಯ ಮೊದಲೇ ಯಾಕೆ ಹೇಳಲಿಲ್ಲ ರೈಟರೇ?" ಎಂದು.

ಒಂದು ವರ್ಷದಿಂದ ಅವನು ಕೆಮ್ಮಿದ್ದೇ ಸಾಲದಾಗಿತ್ತೇ?