ಗೇಟಮ್ಮ ಸೇರಿಸಿದ ಒಂದು ಪದ

ಸಿದ್ಧ ಉಡುಪಿನ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ ಹತ್ತೊಂಬತ್ತು ವರ್ಷ ಚೀಲ ತಡಕಿದವಳಿಗೆ ಹೆತ್ತವರು ಇಟ್ಟ ಹೆಸರು ಉಳಿಯುವುದು ಕಷ್ಟ. ಒಳಗೆ ಹೊಲಿಯುವ ಆರುನೂರು ಹೆಂಗಸರಿಗೂ ಅವಳು ಗೇಟಮ್ಮ. ಸಂಜೆ ಪಾಳಿ ಬಿಟ್ಟಾಗ ಒಬ್ಬೊಬ್ಬರ ಚೀಲಕ್ಕೂ ಕೈ ಹಾಕಿ, ಊಟದ ಡಬ್ಬಿಯ ಪಕ್ಕದಲ್ಲಿರುವುದು ಚಮಚವೋ ಕತ್ತರಿಯೋ ಎಂದು ನೋಡದೆಯೇ ಹೇಳುತ್ತಿದ್ದಳು.

ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ತರಕಾರಿಯವನು ನಕ್ಕರೆ ಇವಳ ಕಣ್ಣು ತಕ್ಕಡಿಯ ಮೇಲೆ. ಪಕ್ಕದ ಮನೆಯವಳು ಒಂದು ಲೋಟ ಸಕ್ಕರೆ ಕೇಳಿದರೆ, ಸಕ್ಕರೆಯ ನೆಪದಲ್ಲಿ ಇನ್ನೇನು ನೋಡಲು ಬಂದಳೋ ಎಂಬ ಯೋಚನೆ. ಒಮ್ಮೆ ನಾದಿನಿ, "ಅತ್ತಿಗೆ, ಈ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ" ಎಂದಳು. ಹಾಗಾದರೆ ಇಷ್ಟು ದಿನ ಉಟ್ಟ ಬಣ್ಣಗಳು ಒಪ್ಪುತ್ತಿರಲಿಲ್ಲ ಎಂದಾಯಿತಲ್ಲ ಎಂದು ಗೇಟಮ್ಮ ಮೂರು ದಿನ ತಲೆ ಕೆಡಿಸಿಕೊಂಡಳು. ಬಡಗಿಯಾಗಿದ್ದ ಅವಳ ಗಂಡ ಹೇಳುತ್ತಿದ್ದ, "ಸ್ವರ್ಗದ ಬಾಗಿಲಲ್ಲಿ ನಿನ್ನನ್ನ ನಿಲ್ಲಿಸಿದ್ರೆ ಒಬ್ಬ ನರಪಿಳ್ಳೆನೂ ಒಳಗೆ ಹೋಗಲ್ಲ ಕಣೇ."

ಹುಟ್ಟಿನಿಂದ ಕ್ರೈಸ್ತಳೇ. ಭಾನುವಾರ ಚರ್ಚಿನ ಸಭೆಗೆ ಹೋಗುವುದು, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುವುದು, ಬರುವುದು. ಮದುವೆಯಲ್ಲಿ ಸಿಕ್ಕಿದ ಸತ್ಯವೇದ ಪ್ಲಾಸ್ಟಿಕ್ ಹೊದಿಕೆಯೊಳಗೆ ಹೊಸದರಂತೆಯೇ ಇತ್ತು. ಅವಳು ಗುರುವಾರ ಸಂಜೆಯ ಸತ್ಯವೇದ ಪಾಠಕ್ಕೆ ಹೋದದ್ದೂ ಭಕ್ತಿಯಿಂದಲ್ಲ. ನಾದಿನಿ ವಾರವಾರ ತಪ್ಪದೆ ಹೋಗುತ್ತಿದ್ದಳು. ಪ್ರಾರ್ಥನೆಯ ಹೆಸರಿನಲ್ಲಿ ಅಲ್ಲಿ ತನ್ನ ಮನೆಯ ಸುದ್ದಿ ಬಿಚ್ಚಿಡುತ್ತಿರಬೇಕು ಎಂಬ ಗುಮಾನಿ ಗೇಟಮ್ಮನಿಗೆ. ಕಣ್ಣಾರೆ ನೋಡಿಯೇ ಬಿಡೋಣ ಎಂದು ಹೊರಟಳು.

ಅದು ಸಭೆಯ ಕಟ್ಟಡಕ್ಕೆ ಅಂಟಿಕೊಂಡ ಚಿಕ್ಕ ಕೋಣೆ. ಹತ್ತು ಪ್ಲಾಸ್ಟಿಕ್ ಕುರ್ಚಿ, ಕೀರಲು ದನಿಯ ಫ್ಯಾನು, ಒಂದು ಕರಿಹಲಗೆ. ಪಾಠ ಮಾಡುತ್ತಿದ್ದವರು ನಿವೃತ್ತರಾದ ಗಣಿತದ ಮೇಷ್ಟ್ರು. ಅವರು ಉಪದೇಶ ಮಾಡುತ್ತಿರಲಿಲ್ಲ. ಒಂದು ಭಾಗ ಓದಿಸಿ, ಸೀಮೆಸುಣ್ಣ ಹಿಡಿದು ಕೇಳುತ್ತಿದ್ದರು: "ಏನು ಬರೆದಿದೆ? ಏನು ಬರೆದಿಲ್ಲ? ನಿಮಗೆ ಏನನ್ಸುತ್ತೆ ಅನ್ನೋದು ಆಮೇಲೆ. ಮೊದಲು ಬರೆದಿರೋದನ್ನ ನೋಡಿ."

ಗೇಟಮ್ಮನ ಕಿವಿ ನೆಟ್ಟಗಾಯಿತು. ಇದು ತನ್ನದೇ ಕಸುಬಲ್ಲವೇ! ಎರಡನೆಯ ವಾರವೇ, ನಕ್ಷತ್ರ ನೋಡಿಕೊಂಡು ಬಂದ ಜ್ಞಾನಿಗಳು ಮೂವರು ಎಂದು ಎಲ್ಲಿಯೂ ಬರೆದಿಲ್ಲ ಎಂದು ಪತ್ತೆ ಹಚ್ಚಿ, ಐವತ್ತು ವರ್ಷ ತನಗೆ ಮೋಸವಾಗಿದೆ ಎಂಬಂತೆ ಎಲ್ಲರ ಮುಖ ನೋಡಿದಳು. ಪ್ಲಾಸ್ಟಿಕ್ ಹೊದಿಕೆ ಹರಿಯಿತು. ಬೆಳಿಗ್ಗೆ ಒಲೆಯ ಮೇಲೆ ನೀರು ಕಾಯುವಷ್ಟು ಹೊತ್ತು ಒಂದು ಅಧ್ಯಾಯ ಎಂದು ಶುರುವಾದದ್ದು, ನೀರು ಕುದಿದು ಆವಿಯಾದರೂ ಮುಗಿಯದಾಯಿತು. ವಾಕ್ಯಗಳನ್ನು ಅವಳು ಚೀಲ ತಡಕಿದಂತೆಯೇ ತಡಕುತ್ತಿದ್ದಳು.

ಒಂದು ಗುರುವಾರ, ಹಾಲು ಕುಡಿಯುವ ಕೂಸುಗಳ ವಿಷಯ ಬಂತು. ನಂಬಿಕೆಯಲ್ಲಿ ಬಲಿತವರಿಗೆ ಗಟ್ಟಿ ಆಹಾರ, ಅವರು ಕೆಟ್ಟದ್ದು ಒಳ್ಳೆಯದನ್ನು ಬೇರೆ ಮಾಡಿ ತಿಳಿಯಲು ಪಳಗಿದವರು ಎಂಬ ಮಾತು ಕೇಳಿ ಗೇಟಮ್ಮ ಒಳಗೊಳಗೇ ಹಿಗ್ಗಿದಳು. ಪಳಗುವುದೆಂದರೆ ತನ್ನಷ್ಟು ಪಳಗಿದವರು ಈ ಕೋಣೆಯಲ್ಲಿ ಯಾರಿದ್ದಾರೆ? ಹೊರಡುವಾಗ ಮೇಷ್ಟ್ರು ಹೇಳಿದರು, "ನೀವು ತುಂಬಾ ಚೆನ್ನಾಗಿ ಹುಡುಕ್ತೀರಮ್ಮ. ಸಿಕ್ಕಿದ್ದನ್ನ ಮನೆಗೂ ಒಯ್ತೀರಾ?"

ದಾರಿಯುದ್ದಕ್ಕೂ ಆ ಮಾತು ಚುಚ್ಚಿತು. ಗೇಟಿನಲ್ಲಿ ಸಿಕ್ಕಿದ್ದನ್ನು ಮನೆಗೊಯ್ಯುವ ಕಳ್ಳಿ ಎಂದರೇ? ಒಂದು ತಿಂಗಳು ಅವಳು ಮೇಷ್ಟ್ರಿಗೆ ನಮಸ್ಕಾರ ಮಾತ್ರ ಹೇಳಿದಳು.

ಎರಡನೆಯ ವರ್ಷ ಆ ಕೋಣೆಗೆ ಹೊಸಬಳೊಬ್ಬಳು ಬಂದಳು. ಬಾಗಿಲಲ್ಲಿ ಅವಳ ಮುಖ ಕಂಡ ಕೂಡಲೇ ಗೇಟಮ್ಮ ಗುರುತು ಹಿಡಿದಳು. ಕಾಜಾದವಳು! ಕಾರ್ಖಾನೆಯಲ್ಲಿ ಅಂಗಿಯ ಗುಂಡಿ ತೂರಿಸುವ ತೂತಿಗೆ ಕಾಜಾ ಹೊಲಿಯುವ ಮೆಷಿನ್ನಿನ ಮುಂದೆ ಕೂರುತ್ತಿದ್ದವಳು. ಒಂಬತ್ತು ವರ್ಷದ ಹಿಂದೆ ಅವಳನ್ನು ಕೆಲಸದಿಂದ ತೆಗೆಸಿದ್ದು ಗೇಟಮ್ಮನ ವರದಿ.

ಅವತ್ತು ನಡೆದದ್ದು ಇಷ್ಟೇ. ಕಾಜಾದವಳ ಚೀಲದಲ್ಲಿ ದಾರ ಕತ್ತರಿಸುವ ಪುಟ್ಟ ಕಟರ್ ಇತ್ತು. ಊಟದ ಡಬ್ಬಿಯ ಮೇಲೆಯೇ, ಕೊರಳಿಗೆ ಹಾಕಿಕೊಳ್ಳುವ ನೀಲಿ ದಾರದ ಸಮೇತ, ಕಣ್ಣಿಗೆ ಹೊಡೆಯುವ ಹಾಗೆ ಬಿದ್ದಿತ್ತು. "ಅಯ್ಯೋ, ಮರೆತು ಬಂದ್ಬಿಟ್ಟಿದೆ" ಎಂದು ಅವಳೇ ಮೊದಲು ನಕ್ಕಳು. ಆದರೆ ಅದೇ ವಾರ ಮ್ಯಾನೇಜರು, "ಆರು ತಿಂಗಳಿಂದ ಒಂದು ಕೇಸೂ ಇಲ್ಲ. ಗೇಟಲ್ಲಿ ನಿದ್ದೆ ಹೊಡೀತಿದ್ದೀಯಾ?" ಎಂದು ಗೇಟಮ್ಮನಿಗೆ ಗದರಿದ್ದ. ಅವಳು ವರದಿಯಲ್ಲಿ, ಚೀಲದಲ್ಲಿ ಕಟರ್ ಇತ್ತು ಎಂದು ಬರೆಯಲಿಲ್ಲ. ಬಚ್ಚಿಟ್ಟುಕೊಂಡಿದ್ದಳು ಎಂದು ಬರೆದಳು. ಮರುದಿನ ಕಾಜಾ ಮೆಷಿನ್ನಿನ ಮುಂದೆ ಬೇರೆ ಹೆಂಗಸು ಕೂತಿದ್ದಳು.

ಈಗ ಆ ಕಾಜಾದವಳು ಕೋಣೆಯಲ್ಲೆಲ್ಲ ಕಣ್ಣಾಡಿಸಿ, ನೇರ ಬಂದು ಗೇಟಮ್ಮನ ಪಕ್ಕದ ಕುರ್ಚಿಯಲ್ಲೇ ಕೂತಳು. "ಚೆನ್ನಾಗಿದ್ದೀರಾ ಅಕ್ಕ? ನಿಮ್ಮನ್ನ ನೋಡಿ ಎಷ್ಟು ವರ್ಷ ಆಯ್ತು!"

ಹತ್ತು ಕುರ್ಚಿಯಲ್ಲಿ ಇದೇ ಯಾಕೆ? ಬೈದಿದ್ದರೆ ಗೇಟಮ್ಮನಿಗೆ ಅರ್ಥವಾಗುತ್ತಿತ್ತು. ಈ ನಗು ಅರ್ಥವಾಗಲಿಲ್ಲ. ಮುಂದಿನ ವಾರಗಳಲ್ಲಿ ಅದು ಇನ್ನೂ ಹೆಚ್ಚಿತು. ಕಾಜಾದವಳು ಇವಳಿಗೆಂದು ಬೆಳಕಿರುವ ಕುರ್ಚಿ ಹಿಡಿದಿಡುವಳು, ಸಣ್ಣ ಅಕ್ಷರ ಓದಲು ತಡವರಿಸಿದರೆ ಮೆಲ್ಲಗೆ ಮುಂದಿನ ಪದ ಹೇಳಿಕೊಡುವಳು, ಮಳೆ ಬಂದರೆ ಕೊಡೆ ಹಿಡಿದು ಬಸ್ ನಿಲ್ದಾಣದವರೆಗೂ ಬರುವಳು. ಕೆಲಸ ಕಳೆದುಕೊಂಡವಳು ಕೆಲಸದಿಂದ ತೆಗೆಸಿದವಳಿಗೆ ಕೊಡೆ ಹಿಡಿಯುವುದೇ? ಎಲ್ಲರೆದುರು ಬಾಯಿಬಿಡಲು ಸಮಯ ಕಾಯುತ್ತಿದ್ದಾಳೆ ಎಂದು ಗೇಟಮ್ಮ ತೀರ್ಮಾನಿಸಿದಳು.

ಒಂದು ರಜೆಯ ದಿನ ಅವಳು, ಕಾಜಾದವಳು ಈಗ ಇಟ್ಟುಕೊಂಡಿದ್ದ ಹೊಲಿಗೆ ಅಂಗಡಿ ಹುಡುಕಿಕೊಂಡು ಹೋದಳು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹೊಲಿಗೆ ಮೆಷಿನ್ನು, ಗೋಡೆಗೆ ಇಸ್ತ್ರಿ ಮಾಡಿದ ಪ್ಯಾಂಟುಗಳು. ಎದುರು ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಗೇಟಮ್ಮ ನಿಗಾ ಇಟ್ಟಳು. ಕಾಜಾದವಳು ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿದಳು. ಇನ್ನೊಂದು ಮಡಚಿದಳು. ಯಾರೂ ಬರಲಿಲ್ಲ, ಯಾರ ಕಿವಿಯಲ್ಲೂ ಪಿಸುಗುಟ್ಟಲಿಲ್ಲ. ಇಷ್ಟು ಸುಮ್ಮನಿರುವವರೇ ಅಪಾಯ ಎಂದುಕೊಂಡು ಗೇಟಮ್ಮ ಮನೆಗೆ ಬಂದಳು.

ಆಮೇಲೆ ಬಂದದ್ದು ದಿಂಬು. "ನಿಂತು ನಿಂತು ನಿಮಗೆ ಸೊಂಟನೋವು ಅಂತ ನಿಮ್ಮ ನಾದಿನಿ ಹೇಳಿದ್ರು. ಕುರ್ಚಿಗೆ ಇಟ್ಕೊಳ್ಳಿ ಅಕ್ಕ" ಎಂದು ಕಾಜಾದವಳು ಬಣ್ಣಬಣ್ಣದ ತುಂಡುಬಟ್ಟೆ ಸೇರಿಸಿ ಹೊಲಿದ ಒರಗುದಿಂಬು ಕೊಟ್ಟಳು. ಮನೆಗೆ ಬಂದವಳೇ ಗೇಟಮ್ಮ ಬಾಗಿಲು ಹಾಕಿ, ದಿಂಬನ್ನು ಮಂಚದ ಮೇಲಿಟ್ಟು, ಹೊಲಿಗೆ ಹೊಲಿಗೆಯನ್ನೂ ಒತ್ತಿ ನೋಡಿದಳು. ಮೂರನೆಯ ಮೂಲೆಯಲ್ಲಿ ಬೆರಳಿಗೆ ಏನೋ ತಾಗಿತು. ಎಳೆದು ತೆಗೆದರೆ ಗುಂಡುಸೂಜಿ.

"ನೋಡಿ!" ಎಂದು ಅದನ್ನು ಗಂಡನ ಮೂಗಿನ ಮುಂದೆ ಹಿಡಿದಳು. "ನಾನು ಹೇಳಿದ್ನೋ ಇಲ್ವೋ? ಬಚ್ಚಿಟ್ಟಿದ್ದಾಳೆ!"

ಗಂಡ ಸೂಜಿ ನೋಡಿದ, ಹೆಂಡತಿಯನ್ನು ನೋಡಿದ. "ಹೊಲಿಯೋಳ ದಿಂಬಲ್ಲಿ ಸೂಜಿ ಸಿಗದೆ ಉಳಿ ಸಿಗುತ್ತೇನೇ? ನನ್ನ ಅಂಗಿ ಒಗೆಯೋವಾಗ ಜೇಬಲ್ಲಿ ಎಷ್ಟು ಸಲ ಮೊಳೆ ಸಿಕ್ಕಿಲ್ಲ ನಿನಗೆ? ನಿನ್ನನ್ನ ಕೊಲ್ಲೋಕೆ ಇಟ್ಟಿದ್ನಾ? ಮರೆತಿರ್ತಾಳೆ, ಪಾಪ."

ಗೇಟಮ್ಮ ಸೂಜಿಯನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟಳು. ದಿಂಬನ್ನು ಮಂಚದ ಕೆಳಕ್ಕೆ ತಳ್ಳಿದಳು. ಆದರೆ ಮರೆತಿರ್ತಾಳೆ ಎಂಬ ಮಾತು ಮಾತ್ರ ಎಲ್ಲಿ ತಳ್ಳಿದರೂ ಹೋಗಲಿಲ್ಲ.

ಗುರುವಾರದ ಪಾಠದಲ್ಲಿ ತಿಂಗಳುಗಟ್ಟಲೆಯಿಂದ ಯೋಸೇಫನ ಕಥೆ ನಡೆಯುತ್ತಿತ್ತು. ಅಣ್ಣಂದಿರು ತಮ್ಮನನ್ನು ಮಾರಿದ್ದು, ಅವನು ದೊಡ್ಡ ಅಧಿಕಾರಿಯಾದದ್ದು, ಬರಗಾಲದಲ್ಲಿ ಅವರನ್ನೇ ಸಾಕಿದ್ದು ಎಲ್ಲ ಮುಗಿದು, ಕೊನೆಯ ಅಧ್ಯಾಯಕ್ಕೆ ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರಿಗೆ ದಿಗಿಲು: ಈಗ ಇವನು ಸೇಡು ತೀರಿಸಿಕೊಂಡರೆ? ಅವರು ಯೋಸೇಫನಿಗೆ ಹೇಳಿ ಕಳಿಸುತ್ತಾರೆ, ನಮ್ಮನ್ನು ಕ್ಷಮಿಸಬೇಕೆಂದು ಅಪ್ಪ ಸಾಯುವ ಮುಂಚೆ ಅಪ್ಪಣೆ ಕೊಟ್ಟಿದ್ದಾನೆ ಎಂದು.

"ಅಪ್ಪ ಹಾಗೆ ಹೇಳಿದ್ದು ಹಿಂದೆ ಎಲ್ಲಾದ್ರೂ ಬರೆದಿದೆಯಾ? ಹುಡುಕಿ" ಎಂದರು ಮೇಷ್ಟ್ರು.

ಗೇಟಮ್ಮ ಹಾಳೆ ಹಿಂದೆ ತಿರುವಿದಳು. ಅಪ್ಪನ ಕೊನೆಯ ಮಾತುಗಳನ್ನೆಲ್ಲ ಬೆರಳಿಟ್ಟು ನೋಡಿದಳು. ಎಲ್ಲರಿಗಿಂತ ಮೊದಲು ತಲೆಯೆತ್ತಿ ಹೇಳಿದಳು, "ಎಲ್ಲೂ ಇಲ್ಲ ಮೇಷ್ಟ್ರೇ. ಭಯ ಆಯ್ತು ನೋಡಿ, ಇವರೇ ಸೇರಿಸ್ಕೊಂಡಿರೋ ಹಾಗಿದೆ."

ಹೇಳಿದ ಮಾತು ಅವಳ ಕಿವಿಗೇ ಬಂದು ಬಿತ್ತು. ಭಯ ಆಯಿತು, ಸೇರಿಸಿಕೊಂಡರು. ಅವಳ ಬೆರಳು ಹಾಳೆಯ ಮೇಲೆಯೇ ನಿಂತಿತು.

"ಅದನ್ನ ಕೇಳಿ ಯೋಸೇಫ ಅತ್ತ ಅಂತ ಬರೆದಿದೆ. ಯಾಕೆ ಅತ್ತ?" ಮೇಷ್ಟ್ರು ಕೇಳಿದರು.

ಒಬ್ಬರು ಅಪ್ಪನ ನೆನಪಾಗಿ ಎಂದರು. ಕಾಜಾದವಳು ಸ್ವಲ್ಪ ಯೋಚಿಸಿ ಹೇಳಿದಳು, "ಅಷ್ಟು ವರ್ಷ ಅವನ ಕೈಯಿಂದ ಊಟ ಮಾಡಿದ್ರು. ಮಾಡೋವಾಗೆಲ್ಲ ಇದ್ರಲ್ಲಿ ವಿಷ ಇದೆಯೇನೋ ಅಂತ ನೋಡ್ತಾನೇ ಇದ್ರು ಅಂತ ಅವನಿಗೆ ಅವತ್ತು ಗೊತ್ತಾಯ್ತು. ಅಳು ಬರದೆ ಏನು?"

ದಿಂಬಿನ ವಿಷಯ ಇವಳಿಗೆ ಹೇಗೆ ತಿಳಿಯಿತು! ನನಗೇ ಹೇಳುತ್ತಿದ್ದಾಳೆ! ಗೇಟಮ್ಮ ಸರ್ರನೆ ಅತ್ತ ತಿರುಗಿದಳು. ಕಾಜಾದವಳು ಪುಸ್ತಕ ನೋಡುತ್ತಿದ್ದಳು, ಇವಳನ್ನಲ್ಲ. ಗೇಟಮ್ಮನಿಗೆ ಒಂದು ಹೊಸ ಪ್ರಶ್ನೆ ಹುಟ್ಟಿತು: ನನಗೇ ಹೇಳಿದ್ದಾದರೂ, ಅದು ಸುಳ್ಳೇ? ಬೇರೆಯವರ ಚೀಲಗಳ ಮೇಲೆಲ್ಲ ಇಟ್ಟ ಕೈಯನ್ನು ಅವಳು ತನ್ನ ಚೀಲದ ಮೇಲೆ ಇಟ್ಟದ್ದು ಅದೇ ಮೊದಲು.

ಗೇಟಮ್ಮ ಶನಿವಾರ ಮಧ್ಯಾಹ್ನ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋಗಿ, ಕೊಟ್ಟ ಸ್ಟೂಲಿನ ಮೇಲೆ ಕೂರದೆ, ನಿಂತೇ ಹೇಳಿಬಿಟ್ಟಳು. ಕಟರ್ ಡಬ್ಬಿಯ ಮೇಲಿತ್ತು. ನೀವು ಮರೆತದ್ದು ಅಂತ ನನಗೆ ಗೊತ್ತಿತ್ತು. ಆದರೂ ಬಚ್ಚಿಟ್ಟುಕೊಂಡಿದ್ದಳು ಅಂತ ಬರೆದೆ.

ಮೆಷಿನ್ನಿನ ಚಕ್ರ ನಿಂತಿತು.

"ಹಾಗಂತ ಬರೆದಿದ್ರಾ?" ಎಂದಳು ಕಾಜಾದವಳು. "ನನಗೆ ಗೊತ್ತೇ ಇರಲಿಲ್ಲ ಅಕ್ಕ. ಕಂಡದ್ದನ್ನ ಬರೆದ್ರು, ಅವರ ಕೆಲಸ ಅವರು ಮಾಡಿದ್ರು ಅಂದ್ಕೊಂಡಿದ್ದೆ. ಒಂಬತ್ತು ವರ್ಷ ನನ್ನ ಹಾಳು ಮರೆವಿಗೇ ಶಾಪ ಹಾಕಿದ್ದೀನಿ. ಎರಡು ಕಾರ್ಖಾನೆಯವರು ಬಾಗಿಲಿಂದಲೇ ಕಳಿಸಿದ್ರು, ಯಾಕೆ ಅಂತ ಈಗ ತಿಳೀತು." ಅವಳು ಕತ್ತರಿ ಎತ್ತಿ ಮೆಷಿನ್ನಿನ ದಾರ ಕತ್ತರಿಸಿದಳು. "ಪಾಠಕ್ಕೆ ಬಂದಾಗ ಗೊತ್ತಿರೋ ಮುಖ ನಿಮ್ಮದೊಂದೇ ಇತ್ತು, ಅದಕ್ಕೇ ಪಕ್ಕದಲ್ಲಿ ಕೂತೆ."

"ತಪ್ಪಾಯ್ತು" ಎಂದಳು ಗೇಟಮ್ಮ.

"ಈಗ ಹೋಗಿ ಅಕ್ಕ. ಕೈಯಲ್ಲಿ ಕತ್ತರಿ ಇದೆ."

ಸೋಮವಾರ ಗೇಟಮ್ಮ ಕಾರ್ಖಾನೆಯ ಕಚೇರಿಗೆ ಒಂದು ಅರ್ಜಿ ಕೊಟ್ಟಳು. ಹಳೆಯ ಮ್ಯಾನೇಜರು ಎಂದೋ ಬಿಟ್ಟುಹೋಗಿದ್ದ. ಹೊಸ ಅಧಿಕಾರಿ ಓದಿ ಕನ್ನಡಕ ತೆಗೆದ. "ಒಂಬತ್ತು ವರ್ಷದ ಹಿಂದಿನ ಕಥೆ ಇದು. ಯಾರೂ ಕೇಳಿಲ್ಲ. ನಿಮ್ಮ ತಲೆ ಮೇಲೆ ನೀವೇ ಯಾಕೆ ಚಪ್ಪಡಿ ಎಳ್ಕೊಳ್ತೀರಿ?"

"ಕಂಡದ್ದನ್ನ ಮಾತ್ರ ಬರೆದಿದ್ದೀನಿ ಸಾರ್. ಸೀಲು ಹಾಕಿ ಒಂದು ಪ್ರತಿ ಕೊಡಿ."

ಪ್ರತಿ ಸಿಕ್ಕಿತು. ಗೇಟು ಹೋಯಿತು. ಅವಳನ್ನು ಹಿಂದಿನ ಗೋದಾಮಿಗೆ ಹಾಕಿದರು. ಅಲ್ಲಿ ಬಟ್ಟೆಯ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಮೂಟೆ ತುಂಬುವುದು ಕೆಲಸ. ಸೀಲು ಹಾಕಿದ ಪ್ರತಿಯನ್ನು ನಾದಿನಿಯ ಕೈಯಲ್ಲಿ ಮೆಟ್ಟಿಲ ಕೆಳಗಿನ ಅಂಗಡಿಗೆ ಕಳಿಸಿದಳು. ನಾದಿನಿ ಕೊಟ್ಟು ಬಂದಳು, ಏನು ಎತ್ತ ಎಂದು ಕೇಳಲಿಲ್ಲ. ಇವಳು ಯಾಕೆ ಕೇಳಲಿಲ್ಲ ಎಂಬುದೂ ಗೇಟಮ್ಮನಿಗೆ ಒಂದು ಸಂಶಯವೇ ಆಯಿತು.

ಮೂರು ಗುರುವಾರ ಕಾಜಾದವಳ ಕುರ್ಚಿ ಖಾಲಿ. ಹಳೆಯ ಗುಮಾನಿಗಳೆಲ್ಲ ಗುಂಪುಕಟ್ಟಿಕೊಂಡು ವಾಪಸು ಬಂದವು. ಆ ಕಾಗದ ಹಿಡಿದು ವಕೀಲರ ಹತ್ತಿರ ಹೋಗಿರಬೇಕು. ಪೊಲೀಸರ ಹತ್ತಿರವೇ ಹೋಗಿರಬಹುದು. ಬೀದಿಯಲ್ಲಿ ಮೋಟರ್ ಸೈಕಲ್ ನಿಂತ ಸದ್ದಾದರೆ ಗೇಟಮ್ಮ ಕಿಟಕಿಗೆ ಓಡುವಳು. ಮೇಷ್ಟ್ರ ಹತ್ತಿರ ಎಲ್ಲವನ್ನೂ ಹೇಳಿಕೊಂಡು ಕೇಳಿದಳು, "ಇಷ್ಟು ಓದಿದ್ಮೇಲೂ ಈ ಬುದ್ಧಿ ಹೋಗ್ಲಿಲ್ವಲ್ಲ?"

"ಅಣ್ಣಂದಿರ ಭಯ ಅವತ್ತೇ ಹೋಯ್ತು ಅಂತ ಬರೆದಿದೆಯಾ?" ಎಂದರು ಮೇಷ್ಟ್ರು.

"ಇಲ್ಲ."

"ಯೋಸೇಫ ಅವರಿಗೆ ಸಮಾಧಾನ ಹೇಳಿದ ಅಂತಷ್ಟೇ ಇದೆ. ಬಲಿಯೋಕೆ ಹೊತ್ತು ಬೇಕಮ್ಮ. ಓದ್ತಾ ಇರಿ."

ಈ ಮಾತಿನಲ್ಲಿ ಅವಳು ಏನನ್ನೂ ಹುಡುಕಲಿಲ್ಲ. ಮನೆಗೆ ಒಯ್ದಳು.

ನಾಲ್ಕನೆಯ ಗುರುವಾರ ಕಾಜಾದವಳು ಬಂದಳು. ಗೇಟಮ್ಮನ ಪಕ್ಕದಲ್ಲಿ ಕೂರಲಿಲ್ಲ. ಎದುರಿನ ಸಾಲಿನ ತುದಿಯಲ್ಲಿ ಕೂತು, ತನ್ನ ಸರದಿ ಬಂದಾಗ ಓದಿದಳು. ಪಾಠ ಮುಗಿದು ಎಲ್ಲರೂ ಹೊರಟಾಗ ಕೋಣೆಯ ಮೆಟ್ಟಿಲ ಹತ್ತಿರ ನಿಂತಳು.

"ಕಾಗದ ಸಿಕ್ತು. ಎಲ್ಲೂ ಕೊಟ್ಟಿಲ್ಲ, ನನ್ನ ಹತ್ತಿರನೇ ಇದೆ. ಕೋಪ ಇನ್ನೂ ಇದೆ ಅಕ್ಕ, ಸುಳ್ಳು ಹೇಳಲ್ಲ. ನಾನು ಇಲ್ಲಿಗೆ ಬರೋದು ನಿಮಗೋಸ್ಕರ ಅಲ್ಲ. ಮೂರು ವಾರದ ಪಾಠ ತಪ್ಪೋಯ್ತು. ಎಲ್ಲೆಲ್ಲಿ ಓದಿದ್ರಿ, ಸ್ವಲ್ಪ ಹೇಳಿ."

ನನ್ನ ಹತ್ತಿರನೇ ಇದೆ ಎಂದರೆ ಏನು? ಈಗ ಕೊಟ್ಟಿಲ್ಲ, ಮುಂದೆ ಕೊಡಬಹುದು ಎಂದೇ? ಗೇಟಮ್ಮನ ಬುದ್ಧಿ ಅಭ್ಯಾಸದಂತೆ ಆ ಮಾತಿನ ಮೂಲೆಗಳಿಗೆ ಕೈ ಹಾಕಲು ಹೊರಟಿತು. ಅವಳು ಅದನ್ನು ತಡೆದಳು. ಕಾಗದ ಇದೆ ಎಂದಳು, ಇದೆ. ಕೋಪ ಇದೆ ಎಂದಳು, ಇದೆ. ಪಾಠ ಕೇಳಿದಳು. ಹೇಳಿದ್ದು ಅಷ್ಟೇ.

ಗೇಟಮ್ಮ ತನ್ನ ಪುಸ್ತಕ ತೆರೆದು, ಮೆಟ್ಟಿಲ ಮೇಲೆ ಕೂತು, ಮೊದಲನೆಯ ವಾರ ಓದಿದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿಟ್ಟು ತೋರಿಸತೊಡಗಿದಳು. ಕಾಜಾದವಳು ನಿಂತೇ ಬಗ್ಗಿ ನೋಡಿ ಬರೆದುಕೊಂಡಳು.